ಹೆರಿಗೆ ಕೋಣೆಯಲ್ಲಿ ಅವಳ ಪಕ್ಕ ನಿಲ್ಲುವುದು ಹೇಗೆ: ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಒಂದು ಮಾರ್ಗದರ್ಶಿ

ಡೌಲಾ ಅಂದ ಕೂಡಲೇ ಬಹಳ ಜನ ಅದು ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಗಳ ಸಂಗತಿ ಅಂದುಕೊಳ್ಳುತ್ತಾರೆ. ಡೌಲಾ ಡಾಕ್ಟರ್ ಅಲ್ಲ, ನರ್ಸ್ ಅಲ್ಲ, ಸೂಲಗಿತ್ತಿಯೂ ಅಲ್ಲ. ಬಸುರಿಯಾಗಿದ್ದಾಗಿನಿಂದ ಬಾಣಂತನ ಒಂದು ಹದಕ್ಕೆ ಬರುವವರೆಗೆ ಜೊತೆಗಿರುವ, ವಿಷಯ ತಿಳಿದುಕೊಂಡ ಒಬ್ಬ ಹೆಣ್ಣುಮಗಳು. ಅಷ್ಟೇ. ಇಂಥ ಜೊತೆ ಹೆಚ್ಚು ಬೇಕಾಗಿರುವುದು ದುಡ್ಡು ಕೊಟ್ಟು ಕರೆಸಿಕೊಳ್ಳಲು ಆಗದವರಿಗೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವಳಿಗೆ, ಶಿರಹಟ್ಟಿ ಕಡೆಯ ತಾಂಡಾದವಳಿಗೆ, ಹುಬ್ಬಳ್ಳಿಯಲ್ಲಿ ಬೆಳಕು ಹರಿಯುವ ಮೊದಲೇ ರಸ್ತೆ ಗುಡಿಸುವವಳಿಗೆ, ಬೇರೆ ರಾಜ್ಯದಿಂದ ಕಟ್ಟಡ ಕೆಲಸಕ್ಕೆ ಬಂದು ಶೆಡ್ಡಿನಲ್ಲಿ ಉಳಿದವಳಿಗೆ. ವಾರ್ಡಿನಲ್ಲಿ ಮೊದಲು ಬೈಸಿಕೊಳ್ಳುವವರು ಇವರೇ, ಯಾರೂ ಏನೂ ವಿವರಿಸಿ ಹೇಳದೇ ಇರುವುದೂ ಇವರಿಗೇ.

ಜೊತೆಗೊಬ್ಬರಿದ್ದರೆ ಧೈರ್ಯ ಬರುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ಅದರಿಂದ ಹೆರಿಗೆಯೇ ಬೇರೆ ಆಗುತ್ತದೆ ಅನ್ನೋದಕ್ಕೆ ಲೆಕ್ಕವೂ ಇದೆ. 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ 26 ಅಧ್ಯಯನಗಳನ್ನು ಆರೋಗ್ಯದ ಅಧ್ಯಯನಗಳನ್ನು ತೂಗಿ ನೋಡುವ ಕೊಕ್ರೇನ್ ಸಂಸ್ಥೆ 2017ರಲ್ಲಿ ಒಟ್ಟಿಗೆ ಇಟ್ಟು ನೋಡಿತು. ಬೇನೆಯ ಉದ್ದಕ್ಕೂ ಒಬ್ಬರು ಬಿಡದೆ ಜೊತೆಗಿದ್ದವರಿಗೆ ಸಹಜ ಹೆರಿಗೆ ಜಾಸ್ತಿ ಆಗಿತ್ತು, ಸಿಜೇರಿಯನ್ ಕಡಿಮೆ ಆಗಿತ್ತು, ಬೇನೆ ತಿನ್ನುವ ಹೊತ್ತೂ ಕಡಿಮೆಯಾಗಿತ್ತು. ಇದಕ್ಕೆ ಯಂತ್ರ ಬೇಡ, ಔಷಧ ಬೇಡ. ಅವ್ವ, ಅತ್ತೆ, ಅಕ್ಕ, ಚಿಗವ್ವ, ನೆರೆಮನೆಯಾಕೆ, ಸಂಘದ ಗೆಳತಿ, ಯಾರು ಬೇಕಾದರೂ ಕಲಿತು ಮಾಡಬಹುದು. ಹೇಗೆ ಅನ್ನೋದನ್ನ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ನಿಮ್ಮ ಕೆಲಸ ಎಲ್ಲಿಗೆ ನಿಲ್ಲುತ್ತದೆ

ನೀವು ಒಳಪರೀಕ್ಷೆ ಮಾಡುವುದಿಲ್ಲ. ಗುಳಿಗೆ, ಇಂಜೆಕ್ಷನ್, ನಾಟಿ ಕಷಾಯ ಯಾವುದನ್ನೂ ಕೊಡುವುದಿಲ್ಲ. ಮಗು ಹಿಡಿಯುವುದಿಲ್ಲ. ಡಾಕ್ಟರು ಬೇಕು ಅಂದ ಚಿಕಿತ್ಸೆಯನ್ನು ಬೇಡ ಅನ್ನು ಅಂತ ಆಕೆಗೆ ಹೇಳಿಕೊಡುವುದೂ ಇಲ್ಲ. ನಿಮ್ಮ ಕೆಲಸ ಮೂರು: ಆಕೆಯ ಮೈಗೆ ಆಸರೆಯಾಗುವುದು, ಆಕೆಗೆ ತಿಳಿಯುವ ಭಾಷೆಯಲ್ಲಿ ಏನು ನಡೆಯುತ್ತಿದೆ ಅಂತ ಹೇಳುವುದು, ಆಕೆಯ ಮಾತು ಸಿಬ್ಬಂದಿಗೆ ಕೇಳುವ ಹಾಗೆ ಮಾಡುವುದು. ಆಕೆಯ ಬದಲು ನೀವು ತೀರ್ಮಾನ ತಗೊಳ್ಳಬೇಡಿ. ಅತ್ತೆಯೋ ಗಂಡನೋ ತೀರ್ಮಾನಿಸಲು ಹೊರಟರೆ, "ಆಕಿನ್ನ ಒಂದ್ಮಾತು ಕೇಳೋಣ್ರಿ" ಅನ್ನುವವರು ನೀವಾಗಿರಬೇಕು.

ಇದನ್ನ ಇಷ್ಟು ಒತ್ತಿ ಹೇಳಲು ಕಾರಣ ಇದೆ. ಜೊತೆಗಿರುವವರು ತಾವೇ ಡಾಕ್ಟರ್ ಆಗಲು ಹೋದರೆ ತಾಯಿಗೆ ಅಪಾಯ. ಮುಂದಿನ ಸಲ ಆ ಆಸ್ಪತ್ರೆಯಲ್ಲಿ ಯಾರನ್ನೂ ಒಳಗೆ ಬಿಡುವುದಿಲ್ಲ, ಅದು ಇನ್ನೊಂದು ನಷ್ಟ.

ಏಳನೇ ತಿಂಗಳಲ್ಲೇ ಕುಳಿತು ಮಾತಾಡಿ

ಕುಬಸದ ಗಡಿಬಿಡಿ ಮುಗಿದ ಮೇಲೆ ಒಂದು ಮಧ್ಯಾಹ್ನ ಆಕೆ ಒಬ್ಬಳೇ ಸಿಗುವ ಹೊತ್ತು ನೋಡಿ ಹೋಗಿ. ಅತ್ತೆ ಎದುರಿಗಿದ್ದರೆ ಅರ್ಧ ಮಾತು ಒಳಗೇ ಉಳಿಯುತ್ತದೆ, ಅಲ್ವಾ? ಹೋದವರು ಮೊದಲು ತಾಯಿ ಕಾರ್ಡ್ ತೆರೆದು ನೋಡಿ. ಅದರಲ್ಲಿ ರಕ್ತದ ಗುಂಪು ಬರೆದಿದೆಯಾ, ಹಿಮೋಗ್ಲೋಬಿನ್ ಎಷ್ಟಿದೆ, ಬಿಪಿ ಎಷ್ಟಿದೆ, ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆ ಆಗಿದೆಯಾ, ಸ್ಕ್ಯಾನ್ ಆಗಿದೆಯಾ. ಕನಿಷ್ಠ 4 ತಪಾಸಣೆ ಆಗಿರಬೇಕು. ಆಗಿಲ್ಲದಿದ್ದರೆ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಉಚಿತ ತಪಾಸಣೆ ಇರುತ್ತದೆ. ಅಂದು ಕೂಲಿ ಬಿಟ್ಟಾದರೂ ಕರೆದುಕೊಂಡು ಹೋಗಿ.

ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ತುಂಬಾ ಗಂಭೀರ. ಅಂಥವಳ ಹೆರಿಗೆ ದೊಡ್ಡಾಸ್ಪತ್ರೆಯಲ್ಲೇ ಆಗಬೇಕು. ಕಬ್ಬಿಣದ ಗುಳಿಗೆ ಕೊಟ್ಟಿರುತ್ತಾರೆ, ಆದರೆ ಅದು ಅಡುಗೆಮನೆಯ ಡಬ್ಬಿಯಲ್ಲೇ ಉಳಿದಿರುತ್ತದೆ. ಯಾಕೆ ತಗೊಂಡಿಲ್ಲ ಅಂತ ಬೈಯಬೇಡಿ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಮಗು ಕಪ್ಪು ಹುಟ್ಟುತ್ತದೆ ಅಂತ ಯಾರೋ ಹೆದರಿಸಿರುತ್ತಾರೆ. ಮಗುವಿನ ಬಣ್ಣಕ್ಕೂ ಗುಳಿಗೆಗೂ ಸಂಬಂಧ ಇಲ್ಲ ಅಂತ ಹೇಳಿ. ಊಟ ಆದ ಮೇಲೆ, ರಾತ್ರಿ ಮಲಗುವ ಮುಂಚೆ ತಗೊಂಡರೆ ತೊಳಸುವುದು ಕಡಿಮೆ. ಚಹಾದ ಜೊತೆ ಬೇಡ, ಕ್ಯಾಲ್ಸಿಯಂ ಗುಳಿಗೆಯ ಜೊತೆಗೂ ಬೇಡ, ಎರಡಕ್ಕೂ ನಡುವೆ ತಾಸೆರಡು ತಾಸು ಅಂತರ ಇರಲಿ.

ಆಮೇಲೆ ಹೆರಿಗೆ ಎಲ್ಲಿ ಅಂತ ನಿಗದಿ ಮಾಡಿ. ಮೊದಲು ಸಿಜೇರಿಯನ್ ಆದವಳು, ಅವಳಿ ಮಕ್ಕಳು, ಬಿಪಿ 140/90 ದಾಟಿದವಳು, ರಕ್ತ ತೀರಾ ಕಡಿಮೆ ಇರುವವಳು, ಮಾಸು ಕೆಳಗೆ ಕೂತಿದೆ ಅಂತ ಸ್ಕ್ಯಾನಿನಲ್ಲಿ ಬಂದವಳು ಊರ ಹತ್ತಿರದ ಸಣ್ಣ ಕೇಂದ್ರವನ್ನು ನೆಚ್ಚಿಕೊಳ್ಳಬಾರದು. ಗದಗದವರಿಗೆ ಮಲ್ಲಸಮುದ್ರದ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಜಿಮ್ಸ್, ಹಾವೇರಿಯವರಿಗೆ ಜಿಲ್ಲಾಸ್ಪತ್ರೆ, ಧಾರವಾಡದವರಿಗೆ ಅಲ್ಲಿನ ಜಿಲ್ಲಾಸ್ಪತ್ರೆ, ಇವೆಲ್ಲದರ ಆಚೆಗೆ ಕಿಮ್ಸ್ ಅಂತಲೇ ನಾವೆಲ್ಲ ಕರೆಯುವ ಹುಬ್ಬಳ್ಳಿಯ ದೊಡ್ಡಾಸ್ಪತ್ರೆ ಇದೆ. ರಾತ್ರಿ 2 ಗಂಟೆಗೆ ಗಾಡಿ ಎಲ್ಲಿಂದ ಬರುತ್ತದೆ, 108 ತಡವಾದರೆ ಊರಲ್ಲಿ ಯಾರ ಕಾರು ಸಿಗುತ್ತದೆ, ಮನೆಯಲ್ಲಿರುವ ದೊಡ್ಡ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ರಕ್ತ ಕೊಡಲು ಯಾರು ಬರುತ್ತಾರೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತಾಯಿ ಕಾರ್ಡಿನ ಒಳಗೇ ಇಡಿ.

ಮತ್ತೊಂದು ಮಾತು, ಇದನ್ನ ಮುಂಚೆಯೇ ಕೇಳಿಟ್ಟುಕೊಳ್ಳಿ: ಹೆರಿಗೆ ಆದ ಮೇಲೆ ಕಾಪರ್-ಟಿ ಬೇಕಾ, ಆಪರೇಶನ್ ಬೇಕಾ, ಸದ್ಯಕ್ಕೆ ಏನೂ ಬೇಡವಾ? ಬೇನೆಯ ನಡುವೆ ಈ ಪ್ರಶ್ನೆ ಕೇಳಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆ ಅಲ್ಲ. ಆಕೆಯ ಉತ್ತರ ನಿಮಗೆ ಮೊದಲೇ ಗೊತ್ತಿದ್ದರೆ ಆ ಹೊತ್ತಿಗೆ ನೆನಪಿಸಬಹುದು.

ಹುಡುಗಿಗೆ 18 ತುಂಬಿಲ್ಲ ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾನೂನಿನ ಪ್ರಕಾರ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ಇದಕ್ಕೆ ಹೆದರಿ ಮನೆಯಲ್ಲೇ ಹೆರಿಗೆ ಮಾಡಿಸಲು ನೋಡುವವರಿದ್ದಾರೆ. ಸಣ್ಣ ವಯಸ್ಸಿನ ಹೆರಿಗೆಯಲ್ಲಿ ಅಪಾಯ ಜಾಸ್ತಿ, ಆಕೆಗೆ ಆಸ್ಪತ್ರೆ ಉಳಿದವರಿಗಿಂತ ಹೆಚ್ಚು ಬೇಕು. ಕೇಸು ಏನೇ ಇರಲಿ, ಚಿಕಿತ್ಸೆ ಕೊಡಲೇಬೇಕು.

ಕಾಗದಪತ್ರ, ದುಡ್ಡಿನ ವಿಷಯ

2011ರ ಜೂನ್ 1ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಜಾರಿಯಲ್ಲಿದೆ. ಅದರ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ, ಸಿಜೇರಿಯನ್ ಕೂಡ ಉಚಿತ. ಔಷಧ, ಪರೀಕ್ಷೆ, ರಕ್ತ, ಸಹಜ ಹೆರಿಗೆಗೆ 3 ದಿನ ಮತ್ತು ಸಿಜೇರಿಯನ್ನಿಗೆ 7 ದಿನದವರೆಗೆ ಊಟ, ಮನೆಯಿಂದ ಆಸ್ಪತ್ರೆಗೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಆಮೇಲೆ ವಾಪಸ್ ಮನೆಗೆ ಗಾಡಿ, ಎಲ್ಲವೂ ಇದರಲ್ಲಿ ಸೇರಿದೆ. ವಾಪಸ್ ಬಿಡುವ ಗಾಡಿಗೆ ನಮ್ಮಲ್ಲಿ ನಗು-ಮಗು ಅಂತ ಹೆಸರು. ಡಿಸ್ಚಾರ್ಜಿನ ಹಿಂದಿನ ದಿನವೇ ಕೇಳಿಟ್ಟರೆ ಸಿಗುವ ಸಾಧ್ಯತೆ ಜಾಸ್ತಿ. ಇದಕ್ಕೆ ಬಿಪಿಎಲ್ ಕಾರ್ಡ್ ಬೇಕಿಲ್ಲ, ಎಷ್ಟನೇ ಮಗು ಅನ್ನುವ ಲೆಕ್ಕವೂ ಇಲ್ಲ. ಬೇರೆ ರಾಜ್ಯದವಳು, ತಾಯಿ ಕಾರ್ಡ್ ಇಲ್ಲ ಅಂತ ಬೇನೆ ತಿನ್ನುತ್ತಿರುವವಳನ್ನು ವಾಪಸ್ ಕಳಿಸುವಂತಿಲ್ಲ.

ಕೈಗೆ ಬರುವ ದುಡ್ಡು ಬೇರೆ. ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಅರ್ಜಿಗೆ ಅಂಗನವಾಡಿಯವರನ್ನು ಹಿಡಿಯಿರಿ. ಜನನಿ ಸುರಕ್ಷಾ ಯೋಜನೆಯಲ್ಲಿ ಬಿಪಿಎಲ್, ಪರಿಶಿಷ್ಟ ಜಾತಿ, ಪಂಗಡದವರಿಗೆ ಹಳ್ಳಿಯಲ್ಲಿ 700, ಪಟ್ಟಣದಲ್ಲಿ 600. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಇದ್ದವರಿಗೆ ಹೆರಿಗೆ ಸಹಾಯಧನ ಬೇರೆ ಇದೆ. ಎಲ್ಲದಕ್ಕೂ ಆಕೆಯ ಹೆಸರಲ್ಲೇ ಬ್ಯಾಂಕ್ ಖಾತೆ ಬೇಕು, ಆಧಾರ್ ಜೋಡಣೆ ಆಗಿರಬೇಕು. ಆಧಾರಿನಲ್ಲಿ ತವರಿನ ಹೆಸರು, ಪಾಸ್‌ಬುಕ್ಕಿನಲ್ಲಿ ಗಂಡನ ಮನೆಯ ಹೆಸರು ಇದ್ದು ದುಡ್ಡು ನಿಂತುಹೋಗುವುದು ದಿನಾ ನೋಡುವ ಗೋಳು. ಏಳನೇ ತಿಂಗಳಲ್ಲೇ ಸರಿಮಾಡಿಸಿ.

ಬೇನೆ ಶುರುವಾದಾಗ

ಚೊಚ್ಚಲ ಹೆರಿಗೆಯಲ್ಲಿ ಮೊದಲ ಬೇನೆಗಳು ಬಂದುಹೋಗಿ ಮಾಡುತ್ತಾ ಅರ್ಧ ದಿನಕ್ಕಿಂತ ಹೆಚ್ಚು ಎಳೆಯಬಹುದು. ಆಗ ಗಾಬರಿ ಬೇಡ. ಆಕೆ ಓಡಾಡಲಿ, ಗಂಜಿ ಕುಡಿಯಲಿ, ಸಾಧ್ಯವಾದರೆ ಒಂದು ಕಣ್ಣು ನಿದ್ದೆ ಮಾಡಲಿ. ಗಡಿಯಾರ ನೋಡಿ ಬರೆದಿಡಿ. ಐದೈದು ನಿಮಿಷಕ್ಕೊಂದು ಬೇನೆ, ಒಂದೊಂದೂ ಸುಮಾರು ಒಂದು ನಿಮಿಷ, ಹೀಗೆ ಒಂದು ತಾಸು ನಡೆದರೆ ಹೊರಡುವ ಹೊತ್ತು ಅನ್ನುವ ಲೆಕ್ಕ ಊರಲ್ಲಿರುವವರಿಗೆ. ಮುಂಡರಗಿ, ಹಿರೇಕೆರೂರು, ಹಾನಗಲ್ ಕಡೆ ಒಳಗಿನ ಹಳ್ಳಿಯವರು ಅಷ್ಟು ಕಾಯಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ. ಎರಡನೆಯ, ಮೂರನೆಯ ಹೆರಿಗೆಯೂ ಬೇಗ ಆಗುತ್ತದೆ.

ಇವು ಕಂಡರೆ ಮಾತ್ರ ಲೆಕ್ಕವೇ ಬೇಡ, ತಕ್ಷಣ ಹೊರಡಿ: ರಕ್ತ ಹೋಗುವುದು, ನೀರು ಒಡೆಯುವುದು, ಅದರಲ್ಲೂ ನೀರು ಹಸಿರಾಗಿದ್ದರೆ, ಮಗುವಿನ ಓಡಾಟ ಕಡಿಮೆಯಾಗುವುದು, ತಲೆ ಸಿಡಿದು ಕಣ್ಣು ಮಂಜಾಗುವುದು, ಫಿಟ್ಸ್, ಜ್ವರ, 37 ವಾರ ತುಂಬುವ ಮೊದಲೇ ಬೇನೆ, ಹಿಂದೆ ಸಿಜೇರಿಯನ್ ಆದವಳಿಗೆ ಬೇನೆ.

ಚೀಲದಲ್ಲಿ ತಾಯಿ ಕಾರ್ಡ್, ಆಧಾರ್, ಸ್ಕ್ಯಾನ್ ಕಾಗದ, ಪಾಸ್‌ಬುಕ್ಕಿನ ಝೆರಾಕ್ಸ್ ಮೇಲೇ ಇರಲಿ. ಆಮೇಲೆ ಎರಡು ನೈಟಿ, ಒಗೆದು ಬಿಸಿಲಿಗೆ ಒಣಗಿಸಿದ ಹಳೇ ಹತ್ತಿ ಸೀರೆಯ ತುಂಡು, ಪ್ಯಾಡು, ಮಗುವಿಗೆ ಕುಲಾಯಿ, ನೀರಿನ ಬಾಟಲಿ, ಫ್ಲಾಸ್ಕು, ಒಂದು ಲೋಟ, ನಿಮಗೆ ಚಪ್ಪಲಿ ಮತ್ತು ಒಗೆದ ಬಟ್ಟೆ.

ಒಳಗೆ ಬಿಡುವುದಿಲ್ಲ ಅಂದರೆ

ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಯನ್ನು ಒಳಗೆ ಬಿಡಬಹುದು ಅಂತ ಹೇಳಿದೆ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆ ಸುಧಾರಿಸಲು 2017ರ ಡಿಸೆಂಬರಿನಲ್ಲಿ ಶುರುವಾದ ಲಕ್ಷ್ಯ ಕಾರ್ಯಕ್ರಮದಲ್ಲೂ ಅದು ಇದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ, ಆಕೆ ತಾನೇ ಆರಿಸಿಕೊಂಡ ಒಬ್ಬರು ಜೊತೆಗಿರಬೇಕು ಅಂತ ಎಲ್ಲ ಹೆಂಗಸರ ವಿಷಯದಲ್ಲೂ ಶಿಫಾರಸು ಮಾಡಿತು. ನಮ್ಮ ಸರ್ಕಾರದ ಸೂಚನೆಯಲ್ಲಿ ಕೆಲವು ಷರತ್ತು ಇವೆ: ಹೆಣ್ಣಾಗಿರಬೇಕು, ತಾನೂ ಹೆತ್ತವಳಾಗಿದ್ದರೆ ಒಳ್ಳೆಯದು, ಅಂಟುರೋಗ ಇರಬಾರದು, ಶುಭ್ರ ಬಟ್ಟೆ ಇರಬೇಕು, ಸಿಬ್ಬಂದಿಯ ಕೆಲಸದಲ್ಲಿ ಕೈ ಹಾಕಬಾರದು, ಬೇರೆ ಬಸುರಿಯರ ಹತ್ತಿರ ಹೋಗಬಾರದು. ಕೋಣೆಯಲ್ಲಿ ಮರೆ ಇಲ್ಲದ ಕಡೆ ಗಂಡನನ್ನು ಬಿಡದಿರುವುದು ಸರಿಯೇ, ಅಲ್ಲಿ ಬೇರೆ ಹೆಂಗಸರೂ ಇರುತ್ತಾರೆ.

ಆದರೂ ಬಾಗಿಲಲ್ಲಿ ತಡೆಯುತ್ತಾರೆ. ಜಗಳಕ್ಕೆ ನಿಂತರೆ ಆ ಸಿಟ್ಟು ತಿರುಗಿ ಆಕೆಯ ಮೇಲೆ ಬೀಳುತ್ತದೆ. ಆದ್ದರಿಂದ ಕಡೆಯ ತಪಾಸಣೆಗೆ ಹೋದಾಗಲೇ ಹೆರಿಗೆ ವಾರ್ಡಿನ ಹಿರಿಯ ಸಿಸ್ಟರನ್ನು ಕಂಡು, ಇವಳ ಜೊತೆ ನಾನು ಇರುತ್ತೇನೆ ಅಂತ ಹೇಳಿಬನ್ನಿ. ಆ ದಿನ ಬಾಗಿಲಲ್ಲಿ ಮೆಲ್ಲಗೆ, "ಸಿಸ್ಟರ್, ಆಕಿ ಭಾಳ ಹೆದರ್‍ಯಾಳ್ರಿ. ನಾ ಒಂದ್ ಮೂಲ್ಯಾಗ ನಿಂದರ್ತೀನಿ, ನಿಮ್ಮ ಕೆಲಸಕ್ಕ ಅಡ್ಡ ಬರೂದಿಲ್ಲ, ನೀರು ಕುಡಸೂದು, ಬೆನ್ನು ತಿಕ್ಕೂದು ಅಷ್ಟ ಮಾಡ್ತೀನ್ರಿ" ಅನ್ನಿ. ಆಗಲೂ ಆಗದಿದ್ದರೆ ಡ್ಯೂಟಿ ಡಾಕ್ಟರನ್ನು ಕೇಳಿ. ರಾತ್ರಿ ಪಾಳಿಯಲ್ಲಿ ಒಬ್ಬಿಬ್ಬರು ನರ್ಸುಗಳು ಇಡೀ ವಾರ್ಡು ನೋಡುತ್ತಿರುತ್ತಾರೆ. ನೀವು ಹೊರೆ ಅಲ್ಲ, ಅವರ ಕೈಗೊಂದು ಕೈ ಅಂತ ಅವರಿಗೆ ಅನ್ನಿಸಿದರೆ ಅರ್ಧ ದಾರಿ ಸಾಗಿದ ಹಾಗೆ.

ಹೆರಿಗೆ ಕೋಣೆಯಲ್ಲಿ

ಮೊದಲು ಮೈಯ ಆಸರೆ. ಬೇನೆ ಸೊಂಟಕ್ಕೆ ಬಂದಾಗ ಸುಮ್ನೆ ಸವರುವುದರಿಂದ ಏನೂ ಆಗುವುದಿಲ್ಲ. ಆಕೆ ಮಂಚದ ಅಂಚನ್ನೋ ಕಿಟಕಿಯ ಕಟ್ಟೆಯನ್ನೋ ಹಿಡಿದು ಮುಂದಕ್ಕೆ ಬಾಗಿ ನಿಲ್ಲಲಿ. ನೀವು ಹಿಂದೆ ನಿಂತು, ಪೃಷ್ಠ ಶುರುವಾಗುವ ಜಾಗದ ಮೇಲಿನ ಚಪ್ಪಟೆ ಎಲುಬಿನ ಮೇಲೆ ಅಂಗೈಯ ಬುಡ ಇಟ್ಟು, ಮೊಣಕೈ ನೆಟ್ಟಗೆ ಮಾಡಿ, ನಿಮ್ಮ ಮೈಭಾರ ಹಾಕಿ ಒತ್ತಿ. ಬೇನೆ ಏರುವಾಗ ಒತ್ತು ಹೆಚ್ಚಿಸಿ, ಇಳಿಯುವಾಗ ನಿಧಾನ ಬಿಡಿ. "ಇಲ್ಲೇನು, ಇನ್ನೊಂಚೂರು ಕೆಳಗೇನು" ಅಂತ ಕೇಳುತ್ತಾ ಹೋಗಿ. ಸರಿಯಾದ ಜಾಗ ಸಿಕ್ಕ ಕೂಡಲೇ ಆಕೆಯ ಭುಜ ಕೆಳಗಿಳಿಯುತ್ತದೆ, ಕಚ್ಚಿಕೊಂಡ ಹಲ್ಲು ಬಿಡುತ್ತದೆ, ನಿಮಗೇ ಗೊತ್ತಾಗುತ್ತದೆ. ಮುಂದಿನ ಬೇನೆಗೆ ಆಕೆಯೇ ಕೈ ಹಿಂದೆ ಚಾಚಿ ನಿಮ್ಮ ಕೈ ಹುಡುಕುತ್ತಾಳೆ. ಎರಡು ಬೇನೆಗಳ ನಡುವೆ ಒಂದು ಗುಟುಕು ನೀರು, ಹಣೆಗೆ ಒದ್ದೆ ಬಟ್ಟೆ, ಎರಡು ತಾಸಿಗೊಮ್ಮೆ ಉಚ್ಚೆಗೆ ಕರೆದುಕೊಂಡು ಹೋಗುವುದು. ಉಚ್ಚೆಯ ಚೀಲ ತುಂಬಿದ್ದರೆ ಮಗುವಿನ ತಲೆ ಇಳಿಯಲು ಅಡ್ಡಿ.

ಮೊದಲಿನಿಂದ ಕೊನೆಯವರೆಗೆ ಅಂಗಾತ ಮಲಗಿರಬೇಕಾಗಿಲ್ಲ. ತೊಂದರೆ ಇಲ್ಲದ ಹೆರಿಗೆಯಲ್ಲಿ ನಡೆಯಬಹುದು, ಕೂರಬಹುದು, ಮಗ್ಗುಲಾಗಬಹುದು, ಹಗುರವಾಗಿ ತಿನ್ನಬಹುದು, ಕುಡಿಯಬಹುದು. ಇದನ್ನೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆಪರೇಶನ್ ಮಾಡಬೇಕಾಗಬಹುದು, ಏನೂ ಕೊಡಬೇಡಿ ಅಂತ ಡಾಕ್ಟರು ಹೇಳಿದ್ದರೆ ಮಾತ್ರ ಕೊಡಬೇಡಿ.

ಭಾಷೆಯ ಕಷ್ಟ ಎಷ್ಟು ದೊಡ್ಡದು ಅಂತ ಒಂದು ಉದಾಹರಣೆ ಹೇಳುತ್ತೇನೆ. ತಾಂಡಾದ ಹುಡುಗಿಯೊಬ್ಬಳ ಜೊತೆ ಹೋಗಿದ್ದೆ, ಆಸ್ಪತ್ರೆಯ ಹೆಸರು ಬೇಡ. ಮನೆಯಲ್ಲಿ ಆಡುವುದು ಲಂಬಾಣಿ, ಕನ್ನಡ ಅಷ್ಟಕ್ಕಷ್ಟೇ. ಗರ್ಭಕೋಶದ ಬಾಯಿ ಪೂರ್ತಿ ತೆರೆದಿಲ್ಲ, ಈಗಲೇ ತಿಣುಕಬೇಡ ಅಂತ ಸಿಸ್ಟರ್ ಹೇಳುತ್ತಿದ್ದರು. ಆಕೆ ತಿಣುಕು ಅಂತ ಕೇಳಿಸಿಕೊಂಡು ಇದ್ದಬದ್ದ ಶಕ್ತಿಯೆಲ್ಲ ಹಾಕುತ್ತಿದ್ದಳು. ಎಷ್ಟು ಹೇಳಿದರೂ ತಿಳಿಯುವುದಿಲ್ಲ ಇವರಿಗೆ ಅಂತ ಕೂಗಾಟ ಶುರುವಾಯಿತು. ಹೊರಗೆ ಕೂತಿದ್ದ ಆಕೆಯ ಕಾಕಿಯನ್ನು ಒಳಗೆ ಕರೆಸಿ, ಸಿಸ್ಟರ್ ಒಂದೊಂದು ಮಾತು ಹೇಳಿದಾಗಲೂ ಅದನ್ನೇ ಲಂಬಾಣಿಯಲ್ಲಿ ಕಿವಿಯ ಹತ್ತಿರ ಹೇಳಿಸಿದೆವು. ಹುಡುಗಿ ಬಾಯಿ ತೆರೆದು ಸಣ್ಣಗೆ ಉಸಿರು ಬಿಡತೊಡಗಿದಳು. ಸಿಸ್ಟರ ದನಿಯೂ ಇಳಿಯಿತು. ಆದ್ದರಿಂದ ಜೊತೆಗೆ ಹೋಗುವವರು ಆಕೆಯ ಮನೆಮಾತು ಬಲ್ಲವರಾಗಿರಬೇಕು, ಇಲ್ಲವೇ ಬಲ್ಲವರನ್ನು ಜೊತೆಗೆ ಇಟ್ಟುಕೊಂಡಿರಬೇಕು. ಉರ್ದು, ಲಂಬಾಣಿ, ತೆಲುಗು, ಹಿಂದಿ, ಯಾವುದೇ ಇರಲಿ.

ಏನಾದರೂ ಮಾಡುತ್ತೇವೆ ಅಂತ ಹೇಳಿದಾಗ ನಾಲ್ಕು ಪ್ರಶ್ನೆ ಕೇಳಲು ಆಕೆಗೆ ಮುಂಚೆಯೇ ಕಲಿಸಿಡಿ: ಇದು ಯಾಕೆ ಬೇಕು? ಈಗಲೇ ಬೇಕಾ? ಬೇರೆ ದಾರಿ ಇದೆಯಾ? ಸ್ವಲ್ಪ ಕಾದರೆ ಏನಾಗುತ್ತದೆ? ಮಗುವಿನ ಎದೆಬಡಿತ ಬಿದ್ದಿದೆ ಅಂದರೆ ಆಗ ಪ್ರಶ್ನೆಯ ಹೊತ್ತಲ್ಲ, ಬೇಗ ಸಹಿ ಹಾಕಬೇಕು. ಆದರೆ ಬೇನೆ ಜೋರಾಗಲಿ ಅಂತ ಡ್ರಿಪ್ಪಿನಲ್ಲಿ ಇಂಜೆಕ್ಷನ್ ಹಾಕುವಾಗ ಕೇಳಬಹುದು, ಹಾಕಿದ ಮೇಲೆ ಎದೆಬಡಿತ ಮತ್ತೆ ಮತ್ತೆ ನೋಡುತ್ತಿದ್ದಾರಾ ಅಂತ ಗಮನಿಸಬಹುದು. ಹೊಟ್ಟೆಯ ಮೇಲಿಂದ ಮಗುವನ್ನು ಒತ್ತಿ ತಳ್ಳುವುದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಎಲ್ಲರಿಗೂ ರೂಢಿಯಂತೆ ಕೊಯ್ದು ಹೊಲಿಗೆ ಹಾಕುವುದೂ ಬೇಡ, ಅಗತ್ಯ ಇದ್ದವರಿಗೆ ಮಾತ್ರ. ಅದಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಡಲೇಬೇಕು. ಹೊಲಿಗೆ ಹಾಕುವಾಗ ಆಕೆ ಚೀರಿದರೆ, "ಮೇಡಂ, ಆಕಿಗೆ ನೋಯ್ತದ, ಇಂಜೆಕ್ಷನ್ ಇನ್ನೊಂಚೂರು ಕೊಡ್ತೀರೇನ್ರಿ" ಅನ್ನಿ. ಮಗು ಹುಟ್ಟಿದ ಕೂಡಲೇ ಆಕೆಗೆ ಕೊಡುವ ಇಂಜೆಕ್ಷನ್ ಮಾತ್ರ ಬಿಡಲೇಬಾರದು, ಅದು ರಕ್ತಸ್ರಾವ ತಡೆಯಲು. ನಮ್ಮ ಕಡೆ ಕೆಲವರು ಎಲ್ಲ ಇಂಜೆಕ್ಷನ್ನೂ ಒಂದೇ ಅಂತ ತಿಳಿದು ಇದಕ್ಕೂ ಬೇಡ ಅನ್ನುತ್ತಾರೆ. ತಾಯಂದಿರು ಸಾಯುವುದಕ್ಕೆ ದೊಡ್ಡ ಕಾರಣಗಳಲ್ಲಿ ಹೆರಿಗೆಯ ನಂತರದ ರಕ್ತಸ್ರಾವ ಒಂದು.

ದೊಡ್ಡಾಸ್ಪತ್ರೆಗೆ ಕಳಿಸುತ್ತೇವೆ ಅಂದರೆ ರೆಫರಲ್ ಚೀಟಿಯಲ್ಲಿ ಕಾರಣ, ಕೊಟ್ಟ ಔಷಧ, ಕೊಟ್ಟ ಸಮಯ ಬರೆದಿದೆಯಾ ನೋಡಿ. ಆ ಚೀಟಿ ಆಕೆಯ ಗಂಡನ ಕಿಸೆಯಲ್ಲಿ ಬೇಡ, ಆಂಬುಲೆನ್ಸಿನಲ್ಲಿ ಆಕೆಯ ಜೊತೆ ಕೂರುವ ನಿಮ್ಮ ಕೈಯಲ್ಲಿರಲಿ.

ಕೈ ಎತ್ತಿದರೆ, ದುಡ್ಡು ಕೇಳಿದರೆ

ತೊಡೆಗೆ ಹೊಡೆಯುವುದು, "ಆಗ ಚೆನ್ನಾಗಿತ್ತಾ, ಈಗ ಅಳ್ತೀಯಾ" ಅನ್ನುವ ಕೊಳಕು ಮಾತು, ಜಾತಿ ಎತ್ತಿ ಮಾತಾಡುವುದು, ಮಕ್ಕಳು ಜಾಸ್ತಿ ಅಂತ ಚುಚ್ಚುವುದು. ಇವು ಚಿಕಿತ್ಸೆಯ ಭಾಗ ಅಲ್ಲವೇ ಅಲ್ಲ. ಆ ಕ್ಷಣಕ್ಕೆ ಆಕೆಯ ಮತ್ತು ಆ ಕೈಯ ನಡುವೆ ನಿಮ್ಮ ಮೈ ತನ್ನಿ, ದನಿ ಏರಿಸದೆ "ಹೊಡೀಬ್ಯಾಡ್ರಿ, ನಾ ಆಕಿಗೆ ಹೇಳ್ತೀನಿ" ಅನ್ನಿ. ದೂರು ಅಲ್ಲೇ ಬೇಡ, ಹೆರಿಗೆ ಆದ ಮೇಲೆ.

ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಅಂತ ಖುಷಿಗೆ ಕೇಳುವ ಪದ್ಧತಿ ಬಹಳ ಕಡೆ ಇದೆ. ದಿನಗೂಲಿಯವರು ಸಾಲ ಮಾಡಿ ಕೊಡುತ್ತಾರೆ. ರಸೀದಿ ಕೊಡಿ ಅಂತ ಕೇಳಿ, ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ. ಔಷಧ ಹೊರಗಿನಿಂದ ತನ್ನಿ ಅಂದರೆ ಚೀಟಿ ಮತ್ತು ಬಿಲ್ಲು ಎರಡನ್ನೂ ಇಟ್ಟುಕೊಳ್ಳಿ.

ದೂರು ಬರೆಯುವಾಗ ತಾರೀಖು, ಪಾಳಿ, ಹೊತ್ತು, ಏನು ಅಂದರು, ಏನು ಮಾಡಿದರು, ಯಾರು ನೋಡಿದರು, ಇಷ್ಟು ಇರಲಿ. ಬೈಗುಳ ಬೇಡ. ಮೊದಲ ಪ್ರತಿ ಆಸ್ಪತ್ರೆಯ ಮುಖ್ಯಸ್ಥರಿಗೆ, ಇನ್ನೊಂದು ಜಿಲ್ಲಾ ಆರೋಗ್ಯಾಧಿಕಾರಿಗೆ. ಎರಡರ ಮೇಲೂ ತಲುಪಿದ ಮೊಹರು ಹಾಕಿಸಿ. ಫೋನಿನಲ್ಲಾದರೆ ಆರೋಗ್ಯ ಸಹಾಯವಾಣಿ 104. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು ಯಾರು ಅಂತ ತಿಳಿದುಕೊಂಡಿರಿ, ಅವರಿಗೂ ಕೊಡಬಹುದು. ಲಂಚದ ವಿಷಯಕ್ಕೆ ಲೋಕಾಯುಕ್ತ ಇದೆ. ಚಿಕಿತ್ಸೆಯ ದಾಖಲೆ ಕೇಳಿದರೆ 72 ತಾಸಿನೊಳಗೆ ಕೊಡಬೇಕು, ಖಾಸಗಿಯವರೂ ಕೊಡಬೇಕು. ಮುಖ್ಯವಾಗಿ ಒಂದು ವಿಷಯ: ದೂರು ಕೊಡಬೇಕಾ ಬೇಡವಾ ಅಂತ ಆಕೆ ಹೇಳಬೇಕು. ಅದೇ ಆಸ್ಪತ್ರೆಗೆ ಮಗುವಿನ ಚುಚ್ಚುಮದ್ದಿಗೆ ಹೋಗಬೇಕಾದವಳು ಆಕೆ.

ಚೆನ್ನಾಗಿ ನೋಡಿಕೊಂಡ ಸಿಸ್ಟರ ಬಗ್ಗೆಯೂ ಅದೇ ಮುಖ್ಯಸ್ಥರಿಗೆ ಒಂದು ಚೀಟಿ ಬರೆದುಕೊಡಿ. ಅಂಥವರು ಬಹಳ ಜನ ಇದ್ದಾರೆ, ಯಾರೂ ಬರೆದುಕೊಡುವುದಿಲ್ಲ.

ಮೊದಲ ತಾಸು

ಮಗು ಚೆನ್ನಾಗಿ ಅತ್ತರೆ ಒರೆಸಿ ತಾಯಿಯ ಬರಿ ಎದೆಯ ಮೇಲೆ ಮಲಗಿಸಿ ಮೇಲೆ ಬಟ್ಟೆ ಹೊದಿಸಬೇಕು. ಹೊಕ್ಕುಳಬಳ್ಳಿಯನ್ನು ಒಂದು ನಿಮಿಷವಾದರೂ ಕಾದು ಕತ್ತರಿಸಿದರೆ ಮಗುವಿಗೆ ರಕ್ತ ಚೆನ್ನಾಗಿ ಸಿಗುತ್ತದೆ. ಒಂದು ತಾಸಿನೊಳಗೆ ಮೊಲೆ ಹಿಡಿಸಿ. ಮೊದಲ ಹಳದಿ ಹಾಲು ಹಿಂಡಿ ಚೆಲ್ಲುವುದು ಬೇಡ. ಜೇನು ನೆಕ್ಕಿಸುವುದು, ಸಕ್ಕರೆ ನೀರು, ಬೀದಿಯಲ್ಲಿ ಮಾರಲು ಬರುವ ಕತ್ತೆ ಹಾಲು, ಯಾವುದೂ ಬೇಡ. ಆರು ತಿಂಗಳು ಎದೆಹಾಲು ಮಾತ್ರ, ನೀರು ಕೂಡ ಬೇಡ. ಮೊದಲ 24 ತಾಸು ಸ್ನಾನವೂ ಬೇಡ. ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ, ವಿಟಮಿನ್ ಕೆ ಆಸ್ಪತ್ರೆಯಲ್ಲೇ ಆಗಬೇಕು. ಜನನ ನೋಂದಣಿ 21 ದಿನದೊಳಗೆ ಉಚಿತ. ಆಸ್ಪತ್ರೆಯವರು ಬರೆದುಕೊಳ್ಳುವಾಗ ಹೆಸರುಗಳ ಅಕ್ಷರ ನೀವೇ ಓದಿ ನೋಡಿ.

ಬಾಣಂತನ

ಮಗುವನ್ನು ನೋಡಲು ಊರೇ ಬರುತ್ತದೆ, ತಾಯಿಯನ್ನು ಯಾರೂ ಕೇಳುವುದಿಲ್ಲ. ತಾಯಂದಿರ ಸಾವು ಹೆಚ್ಚಾಗಿ ಆಗುವುದು ಹೆರಿಗೆಯ ಹೊತ್ತಿಗೆ ಮತ್ತು ಆಮೇಲಿನ ಕೆಲವು ದಿನಗಳಲ್ಲಿ. ಒಂದು ತಾಸಿನೊಳಗೆ ಪ್ಯಾಡು ಪೂರ್ತಿ ತೊಯ್ದರೆ, ದೊಡ್ಡ ಗಡ್ಡೆ ಬಿದ್ದರೆ, ಜ್ವರ ಬಂದರೆ, ಸ್ರಾವ ನಾರಿದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಒಂದೇ ಕಾಲು ಬಾತು ನೋವು ಬಂದರೆ, ಉಸಿರು ಕಟ್ಟಿದರೆ, ಹೊಲಿಗೆಯಿಂದ ಕೀವು ಬಂದರೆ ತಡ ಮಾಡದೆ ಆಸ್ಪತ್ರೆ. ಮಗುವಿನ ವಿಷಯದಲ್ಲಿ: ಹಾಲು ಬಿಡುವುದು, ಮೈ ತಣ್ಣಗಾಗುವುದು ಇಲ್ಲವೇ ಕಾಯುವುದು, ಅಂಗೈ ಅಂಗಾಲಿಗೂ ಹಳದಿ ಹರಡುವುದು, ಉಸಿರು ಬಿರುಸಾಗುವುದು, ಫಿಟ್ಸ್.

ಆಸ್ಪತ್ರೆಯಲ್ಲಿ ಹೆರಿಗೆ ಆದವರ ಮನೆಗೆ ಆಶಾ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಹೆಣ್ಣುಮಗಳು ತವರಿಗೆ ಹೋದರೆ ಗಂಡನ ಊರಿನ ಆಶಾಗೂ ಇಲ್ಲ, ತವರಿನ ಆಶಾಗೂ ಗೊತ್ತಿಲ್ಲ ಅಂತಾಗುತ್ತದೆ. ಡಿಸ್ಚಾರ್ಜಿನ ದಿನವೇ ತವರೂರಿನ ಆಶಾಗೆ ಫೋನ್ ಮಾಡಿ.

ನಮ್ಮ ಹಿರಿಯರ ಬಾಣಂತನದಲ್ಲಿ ಒಳ್ಳೆಯದು ಬಹಳ ಇದೆ. ಕೊಬ್ಬರಿ, ಖಾರೀಕು ಹಾಕಿದ ಅಂಟಿನ ಉಂಡಿ, ಅಳವಿ ಪಾಯಸ, ಮೆಂತ್ಯ, ಎಣ್ಣೆ ತಿಕ್ಕಿ ಬಿಸಿನೀರಿನ ಸ್ನಾನ, ನಲವತ್ತು ದಿನ ಹೊರಗಿನ ಕೆಲಸ ಇಲ್ಲದ ವಿಶ್ರಾಂತಿ. ಇದನ್ನೆಲ್ಲ ಉಳಿಸಿಕೊಳ್ಳಿ. ನೀರು ಕಡಿಮೆ ಕುಡಿಸುವುದು, ಕಾಯಿಪಲ್ಲೆ ಹಣ್ಣು ಮುಟ್ಟಗೊಡದಿರುವುದು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊರಸಿನ ಕೆಳಗೆ ಕೆಂಡ ಇಡುವುದು, ಮಗುವಿನ ಮುಖಕ್ಕೆ ಲೋಬಾನದ ಹೊಗೆ ಹಿಡಿಯುವುದು, ಮೂಗು ಕಿವಿಗೆ ಎಣ್ಣೆ ಬಿಡುವುದು, ಹೊಕ್ಕುಳಿಗೆ ಏನಾದರೂ ಹಚ್ಚುವುದು, ಇವನ್ನು ಬಿಡಿಸಬೇಕು. ಹಾಲು ಕುಡಿಸುವವಳಿಗೆ ನೀರು ಜಾಸ್ತಿಯೇ ಬೇಕು. ಅಜ್ಜಿಗೆ "ನಿಮ್ಮದೆಲ್ಲ ತಪ್ಪು" ಅಂದರೆ ಬಾಗಿಲು ಮುಚ್ಚಿತು. "ಅವ್ವಾರ, ಉಂಡಿ ನೀವ ಮಾಡ್ರಿ, ಆದ್ರ ಜೀರಿಗಿ ಹಾಕಿ ಕಾಸಿದ ನೀರು ಫ್ಲಾಸ್ಕ್ ತುಂಬ ಆಕಿ ಮಗ್ಗಲ ಇಡೂಣ್ರಿ" ಅಂದರೆ ನಡೆಯುತ್ತದೆ.

ಈ ವಿಶ್ರಾಂತಿ ಎಲ್ಲರಿಗೂ ಸಿಗುವುದಿಲ್ಲ ಅನ್ನುವುದೇ ನನಗೆ ದೊಡ್ಡ ಸಂಕಟ. ಹದಿನೈದನೇ ದಿನಕ್ಕೆ ಮಗುವನ್ನು ಜೋಳಿಗೆಯಲ್ಲಿ ಹಾಕಿ ಹೊಲಕ್ಕೆ ಬಂದವರಿದ್ದಾರೆ. ಅಂಥ ಮನೆಗೆ ಉಪದೇಶ ತಗೊಂಡು ಹೋಗಬೇಡಿ, ಕೆಲಸ ತಗೊಂಡು ಹೋಗಿ. ನೀರು ತುಂಬುವುದು, ದೊಡ್ಡ ಮಗುವನ್ನು ಶಾಲೆಗೆ ಬಿಡುವುದು, ನಾಲ್ಕು ರೊಟ್ಟಿ ಬಡಿಯುವುದು. ಓಣಿಯ ಹೆಂಗಸರಲ್ಲಿ ಪಾಳಿ ಹಾಕಿಕೊಂಡರೆ ಯಾರಿಗೂ ಭಾರ ಆಗುವುದಿಲ್ಲ. ಅಂಗನವಾಡಿಯ ಮಾತೃಪೂರ್ಣ ಊಟ ಬಾಣಂತಿಗೂ ಇದೆ, ಹೆಸರು ಬರೆಸಿ.

ಮೊದಲ ಕೆಲವು ದಿನ ಸುಮ್ಮಸುಮ್ನೆ ಅಳು ಬರುವುದು ಸಹಜ. ಎರಡು ವಾರ ಕಳೆದರೂ ಹೋಗದಿದ್ದರೆ, ನಿದ್ದೆ ಇಲ್ಲ, ಮಗು ಬೇಡ, ಬದುಕೇ ಬೇಡ ಅನ್ನತೊಡಗಿದರೆ ಅದು ಕಾಯಿಲೆ, ಚಿಕಿತ್ಸೆ ಇದೆ. ಹೆಣ್ಣು ಹುಟ್ಟಿತು ಅಂತ ಮನೆಯವರು ಮುಖ ತಿರುಗಿಸಿದ ಮನೆಯಲ್ಲಿ ಹೆಚ್ಚು ಗಮನ ಇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದಲ್ಲಿ ಮಾನಸಿಕ ಕಾಯಿಲೆಗಳ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಸತ್ತು ಹೋಗುತ್ತೇನೆ ಅಂದವಳನ್ನು, ಇಲ್ಲದ್ದು ಕೇಳುತ್ತದೆ ಕಾಣುತ್ತದೆ ಅನ್ನುವವಳನ್ನು ಒಂದು ಗಳಿಗೆಯೂ ಒಬ್ಬಳೇ ಬಿಡಬೇಡಿ, ಅಂದೇ ಕರೆದುಕೊಂಡು ಹೋಗಿ. ದೇವರ ಕಾಟ ಅಂತ ಕಾಯುತ್ತಾ ಕೂರಬೇಡಿ.

ಈ ಕೆಲಸಕ್ಕೆ ಇಳಿಯುವವರಿಗೆ

ಡೌಲಾ ಕೆಲಸಕ್ಕೆ ನಮ್ಮಲ್ಲಿ ಸರ್ಕಾರಿ ಲೈಸೆನ್ಸ್ ಅಂತ ಇಲ್ಲ. ಹಾಗಾಗಿ ನಿಮ್ಮ ನಡತೆಯೇ ನಿಮ್ಮ ಪ್ರಮಾಣಪತ್ರ. ಆಕೆಯ ಮನೆಯಲ್ಲಿ ಕೊಟ್ಟ ನೀರು ಕುಡಿಯಿರಿ, ಯಾವ ಓಣಿಯೇ ಇರಲಿ. ಎಚ್‌ಐವಿ ಇದ್ದರೆ, ಗಂಡ ಯಾರು ಅಂತ ಹೇಳಲು ಇಷ್ಟ ಇಲ್ಲದಿದ್ದರೆ, ಹಿಂದೆ ಗರ್ಭ ತೆಗೆಸಿದ್ದರೆ, ಆ ಮಾತು ನಿಮ್ಮಲ್ಲೇ ಉಳಿಯಬೇಕು. ಹೆರಿಗೆ ಕೋಣೆಯಲ್ಲಿ ಫೋಟೋ, ಸ್ಟೇಟಸ್ ಬೇಡವೇ ಬೇಡ.

ದುಡ್ಡಿನ ಮಾತು ಮೊದಲ ದಿನವೇ ಆಗಲಿ. ಇದು ರಾತ್ರಿ ನಿದ್ದೆಗೆಟ್ಟು ಮಾಡುವ ಕೆಲಸ, ಕೂಲಿ ಕೇಳುವುದರಲ್ಲಿ ನಾಚಿಕೆ ಇಲ್ಲ. ಇದ್ದವರಿಂದ ಪೂರ್ತಿ ತಗೊಳ್ಳಿ, ಇಲ್ಲದವರಿಂದ ಬಸ್ ಚಾರ್ಜು ಮಾತ್ರ, ಅದೂ ಇಲ್ಲದವರಿಗೆ ಸಂಘದಿಂದ. ಗಂಡು ಹುಟ್ಟಿತು ಅಂತ ಒಂದು ರೂಪಾಯಿಯೂ ಹೆಚ್ಚಿಗೆ ಮುಟ್ಟಬೇಡಿ.

ಒಬ್ಬರೇ ಮಾಡಲು ಹೋದರೆ ಬೇಗ ದಣಿಯುತ್ತೀರಿ, ಇಬ್ಬರು ಮೂವರು ಸೇರಿ ಪಾಳಿಯಲ್ಲಿ ಮಾಡಿ. ನಿಮ್ಮ ಊರಿನಲ್ಲಿ ಹಿಂದೆ ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿ ಅಜ್ಜಿ ಇದ್ದರೆ ಹೋಗಿ ಕೂತು ಕೇಳಿ. ಹೆದರಿದವಳನ್ನು ಮಾತಿನಲ್ಲಿ, ಮುಟ್ಟುವುದರಲ್ಲಿ ಹೇಗೆ ಸಮಾಧಾನ ಮಾಡಬೇಕು ಅನ್ನೋದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಶುರು ಮಾಡಲು ಸುಲಭ ದಾರಿ ಅಂದರೆ ಬರುವ 9ನೇ ತಾರೀಖು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವುದು. ಅಲ್ಲಿನ ಆಶಾಗೆ ನಿಮ್ಮ ಹೆಸರು, ಫೋನ್ ನಂಬರ್ ಕೊಟ್ಟು, ಈ ತಿಂಗಳು ದಿನ ತುಂಬುವವರಲ್ಲಿ ಜೊತೆಗೆ ಯಾರೂ ಇಲ್ಲದವರು ಯಾರಿದ್ದಾರೆ ಅಂತ ಕೇಳಿ.